ಗೋಣಿಕಟ್ಟಿ ಗೇಟಿನ ಹಳಿತುಂಡು

ಜೋಳದ ರೊಟ್ಟಿ ಕೆಂಡಕ್ಕೆ ಒರಗಿ ಉಬ್ಬುವಾಗ ಬರುವ ವಾಸನೆಯೇ ನನ್ನ ಬಾಲ್ಯದ ವಾಸನೆ. ನಾನು ರೈಲು ಹಳಿಯ ಒಂದು ತುಂಡು. ಎರಡು ಮೊಳ ಉದ್ದವಿದ್ದೇನೆ. ಕಾರ್ಖಾನೆಯ ಬೆಂಕಿ ನನಗೆ ನೆನಪಿಲ್ಲ. ನೆನಪು ಶುರುವಾಗುವುದು ಗರಗಸದಿಂದ.

ಜಂಕ್ಷನ್ನಿನಿಂದ ಸಿರಗಾವಿ ಪೇಟೆಗೆ ಹನ್ನೊಂದು ಮೈಲಿಯ ಪುಟ್ಟ ರೈಲುದಾರಿ ಹಾಕುತ್ತಿದ್ದರು. ಗೋಣಿಕಟ್ಟಿಯ ತಿರುವಿನಲ್ಲಿ ಒಂದು ಹಳಿ ಉದ್ದವಾಯಿತೆಂದು ತುದಿಯನ್ನು ಕೊಯ್ದು ಎಸೆದರು. ಆ ತುದಿಯೇ ನಾನು. ಮಣ್ಣು ಹೊರುತ್ತಿದ್ದ ಆ ಊರಿನ ಬಾಳವ್ವನಿಗೆ ಒಲೆ ಹೂಡಲು ಎರಡೇ ಕಲ್ಲು ಸಿಕ್ಕಿದ್ದವು. ಮೂರನೆಯ ಕಲ್ಲಾಗಿ ನನ್ನನ್ನು ಇಟ್ಟುಕೊಂಡಳು. ದಾರಿ ಮುಗಿಯುವವರೆಗೂ ನಾನು ಅವಳ ತವೆ ಹೊತ್ತೆ.

ಬಾಳವ್ವ ಬರಿಯ ಕೂಲಿಗಾಗಿ ಮಣ್ಣು ಹೊರುತ್ತಿರಲಿಲ್ಲ. ಮಗಳು ಸಾವಂತ್ರಿಯನ್ನು ಸಿರಗಾವಿಗೆ ಕೊಟ್ಟಿದ್ದಳು. ನಡುವೆ ಹಳ್ಳವಿತ್ತು. ಮಳೆಗಾಲ ಬಂತೆಂದರೆ ಅದನ್ನು ದಾಟುವುದು ಆಗದ ಮಾತು. ಈಗ ಅದರ ಮೇಲೆ ಸೇತುವೆ ಏಳುತ್ತಿತ್ತು. ಗಾಡಿ ಓಡಲಿ, ಮಗಳ ಮನೆ ಹಿತ್ತಲಿನಷ್ಟು ಹತ್ತಿರ ಎಂದು ಅವಳು ಜೊತೆಯವರಿಗೆ ದಿನವೂ ಹೇಳುತ್ತಿದ್ದಳು.

ಕೆಲಸ ಮುಗಿದಾಗ ತಿಳಿದದ್ದು ಬೇರೆ. ಗೋಣಿಕಟ್ಟಿಗೆ ಸ್ಟೇಷನ್ ಇಲ್ಲ. ಎತ್ತಿನಗಾಡಿಯ ದಾರಿಗೊಂದು ಗೇಟು, ಗೇಟು ಕಾಯಲೊಬ್ಬ ಫಕೀರಪ್ಪ, ಅಷ್ಟೆ. ರೈಲು ಇಲ್ಲಿ ನಿಲ್ಲುವುದಿಲ್ಲ. ಹೊಸ ಕೆಲಸದ ಫಕೀರಪ್ಪ ನನ್ನನ್ನು ಒಲೆಯಿಂದ ಎತ್ತಿ, ಮಸಿ ಒರೆಸಿ, ಬೇವಿನ ಮರಕ್ಕೆ ತಂತಿಯಿಂದ ನೇತುಹಾಕಿದ. ನನ್ನ ಭಾಷೆಯನ್ನು ಅವನಿಗೆ ಕಲಿಸಿದ್ದರು. ಒಂದು ಪೆಟ್ಟು ಹೊಡೆದರೆ ಗಾಡಿ ಬರುತ್ತಿದೆ, ಜನ ಸರಿಯಿರಿ ಎಂದರ್ಥ. ಬಿಡದೆ ಬಡಿದರೆ ಅಪಾಯ, ಗಾಡಿ ನಿಲ್ಲಿಸಿ ಎಂದರ್ಥ.

ಮೊದಲ ರೈಲಿನ ದಿನಕ್ಕೆ ಎಂಟು ದಿನ ಮುಂಚೆ, ಹಳ್ಳದಾಚೆಯಿಂದ ದೂರ ಸುತ್ತಿಕೊಂಡು ಬಂದ ಬಳೆಗಾರನೊಬ್ಬ ಸುದ್ದಿ ತಂದ. ಸಾವಂತ್ರಿ ಬಸುರಿ. ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಅವ್ವನ ಕೈರೊಟ್ಟಿ, ಹುಳಿಸೊಪ್ಪಿನ ಪುಂಡಿಪಲ್ಯ ಬೇಕೆನ್ನುತ್ತಾಳೆ. ಹಳ್ಳ ತುಂಬಿತ್ತು, ಸೇತುವೆಯ ಮೇಲೆ ನಡೆದು ಹೋಗಲು ರೈಲಿನವರು ಬಿಡುತ್ತಿರಲಿಲ್ಲ. ಅಂದಿನಿಂದ ಬಾಳವ್ವ ಗೇಟಿನ ಬಳಿ ಬಂದು ಫಕೀರಪ್ಪನನ್ನು ಕೇಳಿದ್ದೇ ಕೇಳಿದ್ದು, ಒಂದು ಗಳಿಗೆ ನಿಲ್ಲಿಸಲು ಆಗದೇ ಎಂದು. ಅವನು ತಲೆ ತಗ್ಗಿಸುತ್ತಿದ್ದ. ನಿಲ್ಲಿಸಿದರೆ ಅವನ ಅನ್ನ ಹೋಗುತ್ತಿತ್ತು.

ಆ ದಿನ ಬಂತು. ಹೊಸ ಸೊಸೆಯನ್ನು ಮನೆತುಂಬಿಸಿಕೊಳ್ಳುವಾಗ ಜಾಗಟೆ ಬಾರಿಸುವುದು ನಮ್ಮೂರ ಪದ್ಧತಿ. ಇಂಜಿನ್ನೂ ಊರಿಗೆ ಹೊಸದಾಗಿ ಬರುವವಳೇ ಅಲ್ಲವೇ ಎಂದು ಹೆಂಗಸರು ಆರತಿ ಹಿಡಿದು ಬಂದರು. ಮಠದ ಜಾಗಟೆ ಒಡೆದಿತ್ತು. ನಾನು ಕಣ್ಣಿಗೆ ಬಿದ್ದೆ. ಫಕೀರಪ್ಪ ಹಸಿರು ಬಾವುಟ ಹಿಡಿದು ಅತ್ತ ಹಳಿಯನ್ನೇ ನೋಡುತ್ತಿದ್ದ. ಅವನು ತಿರುಗುವಷ್ಟರಲ್ಲಿ ನಾಲ್ಕು ಕೈಗಳು ನನ್ನನ್ನು ಬಿಡದೆ ಬಾರಿಸುತ್ತಿದ್ದವು.

ಮಾವಿನ ತೋರಣ ಕಟ್ಟಿದ ರೈಲು ಕಿರುಗುಟ್ಟಿ ನಿಂತಿತು.

ದೊಡ್ಡ ಸಾಹೇಬರು ಇಳಿದರು. ಅಪಾಯದ ಗಂಟೆ ಹೊಡೆದವರಾರು ಎಂದು ಕೇಳಿದರು. ಫಕೀರಪ್ಪ ಬಾವುಟವನ್ನು ಬೆನ್ನ ಹಿಂದೆ ಸರಿಸಿದ. ಆರತಿ ತಟ್ಟೆಗಳು ಸೆರಗಿನ ಮರೆಗೆ ಹೋದವು. ಬಾಳವ್ವ ಮಾತ್ರ ಯಾರನ್ನೂ ನೋಡದೆ ಹಿಂದಿನ ಡಬ್ಬಿಯತ್ತ ನಡೆದು, ಹೇಗಾದರೂ ಆಗಲೆಂದು ಕಟ್ಟಿ ತಂದಿದ್ದ ರೊಟ್ಟಿಗಂಟನ್ನು ಗಾರ್ಡ್ ವೆಂಕೋಬರಾಯರ ಮುಂದೆ ಹಿಡಿದಳು.

"ಸಿರಗಾವ್ಯಾಗ ನನ್ನ ಮಗಳಿಗೆ ಇದೊಂದು ಬುತ್ತಿ ಮುಟ್ಟಸ್ರೀ ಯಪ್ಪಾ. ಬಸುರಿ ಅದಾಳ, ಗಾಡಿ ನೋಡಾಕ ಬಂದಿರತಾಳ."

"ಅಷ್ಟು ಮಂದ್ಯಾಗ ನಿನ್ನ ಮಗಳನ್ನ ಹೆಂಗ ಗುರ್ತ ಹಿಡೀಲವ್ವಾ?"

"ನೀವ್ಯಾಕ ಹಿಡೀತೀರಿ? ಇದು ನನ್ನ ಸೀರಿ ಅರಿವಿ. ಅಕೀನ ಗುರ್ತ ಹಿಡೀತಾಳ."

ರಾಯರು ಗಂಟನ್ನು ನೋಡಿದರು, ಫಕೀರಪ್ಪನ ಮುಖವನ್ನೂ ನೋಡಿದರು. ಆಮೇಲೆ ಸಾಹೇಬರತ್ತ ತಿರುಗಿ, "ಹಳಿ ಮ್ಯಾಲೆ ದನ ಬಂದಿದ್ವು ಸಾಹೇಬರ. ಗೇಟಿನವನು ಹೊಡದದ್ದು ಚಲೋ ಆತು" ಎಂದರು.

ಸುತ್ತ ಒಂದು ಕರುವೂ ಇರಲಿಲ್ಲ. ಸಾಹೇಬರು ಡ್ರೈವರ್ ಖಾದರಸಾಬರನ್ನು ಕೇಳಿದರು. ಅವರು ಗಂಭೀರವಾಗಿ, ಒಂದಕ್ಕೆ ಕೊಂಬು ಸೊಟ್ಟ ಇತ್ತು ಎಂದರು.

ಮರುದಿನ ರೈಲು ಗೇಟಿನ ಬಳಿ ನಿಧಾನವಾಯಿತು. ರಾಯರು ಬಾಗಿ ಬಟ್ಟೆಯನ್ನು ಬಾಳವ್ವನ ಕೈಗೆ ಹಾಕಿದರು. ಬುತ್ತಿಬಟ್ಟೆಯನ್ನು ಬರಿದೆ ಮರಳಿಸಬಾರದಲ್ಲವೇ, ತುದಿಯಲ್ಲಿ ಒಂದು ಹಿಡಿ ಸಕ್ಕರೆ ಗಂಟು ಕಟ್ಟಿತ್ತು. ಮಗಳು ಉಂಡಿದ್ದಳು. ಬಾಳವ್ವ ಆ ಸಕ್ಕರೆಯನ್ನು ಫಕೀರಪ್ಪನ ಅಂಗೈಗೆ ಸುರಿದು, ಚಿಟಿಕೆಯಷ್ಟನ್ನು ಮಾತ್ರ ತನ್ನ ಬಾಯಿಗೆ ಹಾಕಿಕೊಂಡಳು.

ಆಮೇಲೆ ಊರಿನ ಬುತ್ತಿಗಳೆಲ್ಲ ಆ ದಾರಿ ಹಿಡಿದವು. ರೈಲು ನಿಧಾನವಾದಾಗಲೆಲ್ಲ, ಸೊಟ್ಟಕೊಂಬಿನ ದನ ಬಂತು ನೋಡು ಎಂದು ಜನ ನಗುತ್ತಿದ್ದರು. ವರ್ಷದೊಳಗೆ ಮೇಲಿನವರೇ ಒಂದು ನಿಮಿಷದ ನಿಲುಗಡೆ ಕೊಟ್ಟರು. ರಾಯರು ನಿವೃತ್ತರಾದರು. ಖಾದರಸಾಬರ ಜಾಗಕ್ಕೆ ಬೇರೆಯವರು ಬಂದರು. ಫಕೀರಪ್ಪನ ಗೇಟು ಅವನ ತಂಗಿಯ ಮಗನ ಕೈಗೆ ಹೋಯಿತು, ನನ್ನನ್ನು ಬಾರಿಸುವ ಕೋಲೂ ಅವನದಾಯಿತು. ಬಾಳವ್ವ ತೀರಿಕೊಂಡ ದಿನ ಯಾರೂ ಹೇಳದೆಯೇ ಗಾಡಿ ಎರಡು ನಿಮಿಷ ನಿಂತಿತು.

ಬಸ್ಸುಗಳು ಬಂದ ಮೇಲೆ ಪುಟ್ಟ ರೈಲು ಯಾರಿಗೂ ಬೇಡವಾಯಿತು. ಅದು ಓಡಲು ಶುರುವಾದ ನಲವತ್ತನೆಯ ವರ್ಷದಲ್ಲಿ ಹಳಿ ಕೀಳುವವರು ಬಂದರು. ನನ್ನ ಒಡಹುಟ್ಟುಗಳನ್ನೆಲ್ಲ ಲಾರಿಗೆ ಹೇರಿದರು. ಕೊಯ್ದ ತುಂಡಾದ್ದರಿಂದ ನನ್ನನ್ನು ಯಾರೂ ಎಣಿಸಲಿಲ್ಲ. ಬೇವಿನ ತೊಗಟೆ ನನ್ನ ತಂತಿಯನ್ನು ನುಂಗಿಬಿಟ್ಟಿದೆ, ಇನ್ನು ಬಿಡಿಸುವಂತೆಯೂ ಇಲ್ಲ. ಬೇಡವೆಂದು ಕೊಯ್ದದ್ದಕ್ಕೇ ಉಳಿದೆನಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಹಳಿ ಕಿತ್ತ ಮರುದಿನ ಮಧ್ಯಾಹ್ನ, ಮುದುಕ ಫಕೀರಪ್ಪ ನನ್ನ ಕೆಳಗೆ ಕೂತು ಬರಿಯ ಜಲ್ಲಿಯನ್ನು ನೋಡುತ್ತಿದ್ದ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಸೇತುವೆಯ ಕಡೆಯಿಂದ ತಲೆ ನರೆತ ಹೆಂಗಸೊಬ್ಬಳು ನಡೆದು ಬಂದಳು. ಸಾವಂತ್ರಿ. ಕೈಯಲ್ಲಿ ಬಾಳವ್ವನ ಸೀರೆಯ ಅದೇ ಅರಿವೆ, ತೊಳೆದು ತೊಳೆದು ಜಾಳಾಗಿತ್ತು. ಅದರೊಳಗಿಂದ ರೊಟ್ಟಿಯ ವಾಸನೆ ನನ್ನವರೆಗೂ ಏರಿ ಬಂತು.

ಅವಳು ಅವನ ಎದುರು ಕೂತಳು. ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಪುಂಡಿಪಲ್ಯ ಇಟ್ಟು, ಅವನ ಕೈಗೆ ಕೊಟ್ಟಳು.