ಖಲಾಸ್ ಎಂದರೆ

ಬಲಗಣ್ಣಿನ ಪಾಪೆ ಟಾರ್ಚಿನ ಬೆಳಕಿಗೆ ಕುಗ್ಗಿತು, ಎಡಗಣ್ಣಿನದು ಐಸ್‌-ಹಾಕಿ ಆಟದ ಕಪ್ಪು ಬಿಲ್ಲೆಯ ಹಾಗೆ ಇದ್ದಲ್ಲೇ ಇದೆ, ಅಥವಾ ನಾನೇ ಟಾರ್ಚನ್ನು ಓರೆ ಹಿಡಿದೆನೇ, ನಮ್ಮ ಆಟಗಾರ ರಮೀಝ್ ಬೆಂಚಿನ ಮೇಲೆ, ಹೆಲ್ಮೆಟ್ ಮಡಿಲಲ್ಲಿ, ಅಂಚಿನ ಹಲಗೆಗೆ ತಲೆ ಬಡಿದು ಬಿದ್ದು ನಾಲ್ಕು ನಿಮಿಷ, ಹೊರಗೆ ನಲವತ್ತೆಂಟು ಡಿಗ್ರಿ ಬಿಸಿಲು, ಇಲ್ಲಿ ಅವನ ಉಸಿರು ಹೊಗೆಯಾಡುತ್ತಿದೆ, ನೋವುಂಟಾ ಎಂದೆ, ಖಲಾಸ್ ಡಾಕ್ಟ್ರೇ ಎಂದ — ನೋವು ಮುಗಿಯಿತೆಂದೋ, ತಾನೇ ಮುಗಿದೆನೆಂದೋ, ಈ ಅರಬರ ಊರಲ್ಲಿ ಚಹಾ ಮುಗಿದರೂ ಖಲಾಸ್, ಕೆಲಸ ಹೋದರೂ ಖಲಾಸ್, ಹದಿನೆಂಟು ವರ್ಷದ ಹಿಂದೆ ಇಂಥದೇ ಬೆಂಚಿನಲ್ಲಿ ನಾನೂ ಅಂದಿದ್ದೆ, ಆಗ ನಾನು ಸಂಬಳಕ್ಕೆ ಐಸ್‌-ಹಾಕಿ ಆಡುತ್ತಿದ್ದ, ಹವಲ್ಲಿ ಬಡಾವಣೆಯ ಸ್ಯಾಮುವೆಲ್, ಮೊಣಕಾಲು ಖಲಾಸ್, ಇನ್ನು ಆಗುವುದಿಲ್ಲ ಎಂದೇ ನನ್ನ ಅರ್ಥ, ಆಗಿನ ಡಾಕ್ಟರು ನೋವು ಹೋಯಿತೆಂದು ತಿಳಿದು ಬೆನ್ನು ತಟ್ಟಿದರು, ಯಲ್ಲಾ, ನಡಿ ಎಂದರು, ಇಳಿದೆ, ಎರಡನೇ ತಿರುವಿನಲ್ಲಿ ಮೊಣಕಾಲಿನೊಳಗೆ ಒದ್ದೆ ಬಟ್ಟೆ ಹರಿದ ಸದ್ದು, ಬಿದ್ದವನ ಮೂಗಿನೆದುರೇ ಆ ಬಿಲ್ಲೆ, ಯಾರೂ ಹೊಡೆಯದೆ ನಿಂತದ್ದು, ಆಮೇಲೆ ಅಮ್ಮ, ಕಾಲು ಹೋದ್ರೆ ತಲೆ ಉಂಟಲ್ಲ ಪುತಾ, ಓದು, ಓದಿದೆ, ಇದೇ ಆಟಕ್ಕೆ ಡಾಕ್ಟರಾಗಿ ಬಂದೆ, ಬಾಗಿಲಲ್ಲಿ ಮ್ಯಾನೇಜರ್ ನೌಷಾದ್, ಆಟ ಇನ್ನು ಎರಡೇ ನಿಮಿಷ ಉಂಟು, ಆಡಬಹುದು ಅಂತ ಒಂದು ಸೈನ್ ಹಾಕಿ, ಅವನೇ ಖಲಾಸ್ ಹೇಳ್ತಾನಲ್ಲ, ನೀವು ಕಾಲಿನ ಕೇಸು ಮಾರಾಯ್ರೆ, ತಲೆ ವಿಷಯ ನಿಮಗೆಂತ ಗೊತ್ತು, ಮತ್ತೆ ನಗುತ್ತಲೇ, ನಿಮ್ಮ ಇಕಾಮಾ ಯಾರ ಕೈಯಲ್ಲಿ ಉಂಟಂತ ಮರೀಬೇಡಿ — ಇಲ್ಲಿರುವ ಪರವಾನಗಿ ಕ್ಲಬ್ಬಿನದು, ಫರ್ವಾನಿಯಾದ ಮನೆ, ಮಗಳು ಟೀನಾಳ ಶಾಲೆ ಅದರ ಮೇಲೆಯೇ ನಿಂತಿವೆ, ನಾನು ತಪ್ಪಿದ್ದರೆ, ಹಳೆಯ ಮೊಣಕಾಲಿನ ಸಿಟ್ಟನ್ನು ಇವನ ತಲೆಯ ಮೇಲೆ ತೀರಿಸುತ್ತಿದ್ದರೆ, ಇರಲಿ, ತಪ್ಪಿದ್ದರೆ ಒಂದು ಪಂದ್ಯ ಹೋಗುತ್ತದೆ, ಸರಿಯಿದ್ದರೆ, ಇವನ ತಲೆಯೊಳಗೆ ರಕ್ತ ಸೋರುತ್ತಿದ್ದರೆ — ರಮೀಝ್, ಖಲಾಸ್ ಅನ್ಬೇಡ, ನಮ್ಮ ಮಾತಲ್ಲಿ ಹೇಳು, ನಿಂಗೆ ಎಂತ ಆಗ್ತಾ ಉಂಟು, ಅವನು ನೌಷಾದರತ್ತ ನೋಡಿ ತಲೆ ತಗ್ಗಿಸುತ್ತಾನೆ, ಡಾಕ್ಟ್ರೇ, ನೀವು ಇಬ್ರು ಕಾಣ್ತೀರಿ, ಇಬ್ಬರು, ಸರಿ, ಇಬ್ಬರೂ ಆ ಸಹಿ ಹಾಕುವುದಿಲ್ಲ, ಆಡಕೂಡದು ಎಂದು ದಪ್ಪಕ್ಷರದಲ್ಲಿ ಬರೆದೆ, ಅದರ ಕೆಳಗೆ ಹಾಕಿದೆ ಸಹಿ, ಆಂಬುಲೆನ್ಸ್ ಕರೀರಿ ಎಂದೆ, ಹಾಗಾದ್ರೆ ಖಲಾಸಾ ಡಾಕ್ಟ್ರೇ ಎಂದರು ನೌಷಾದ್, ನನ್ನ ಕೆಲಸ ಹೋಯಿತೆಂಬ ಅರ್ಥದಲ್ಲಿ, ಖಲಾಸ್ ಎಂದೆ, ಬೇಕಾದ ಅರ್ಥ ತೆಗೆದುಕೊಳ್ಳಲಿ, ಇನ್ನೊಮ್ಮೆ ಟಾರ್ಚು, ಈ ಸಲ ನೇರ, ಬಲಗಡೆ ಕುಗ್ಗಿತು, ಎಡಗಡೆ ಅದೇ, ಬೆಳಕಿಗೆ ಬಗ್ಗದ್ದು, ಬಿಳಿಯ ನಡುವೆ ಕಪ್ಪು ಬಿಲ್ಲೆ, ಯಾರೂ ಹೊಡೆಯದೆ ನಿಂತದ್ದು, ಕಪ್ಪು ಬಿಲ್ಲೆ