ಐದು ವರ್ಷದ ಹಾಜರಿ

"ಐದನೇ ಕ್ಲಾಸು ಪಾಸು ಅಂತ ಇದೆಯಲ್ಲಮ್ಮ," ಎನ್ನುತ್ತ ಅಧಿಕಾರಿ ಸರ್ಟಿಫಿಕೇಟನ್ನು ಮೇಜಿನ ಮೇಲೆ ಈ ಕಡೆಗೆ ತಿರುಗಿಸಿದರು. "ಅಕ್ಷರ ಕಲಿಯೋ ಕ್ಲಾಸಿಗೆ ಹೇಗೆ ಸೇರಿಸ್ಕೊಳ್ಳಲಿ? ಹೊಸ ಕಾನೂನು ಇರೋದು ಸ್ಕೂಲಿನ ಮುಖಾನೇ ನೋಡದೆ ದೊಡ್ಡವರಾದವರಿಗೆ."

ಗಾಲಿಕುರ್ಚಿಯಲ್ಲಿದ್ದ ಇಪ್ಪತ್ತಾರರ ಹುಡುಗಿ ಸರ್ಟಿಫಿಕೇಟಿನತ್ತ ಬಗ್ಗಿ ನೋಡಿದಳು. ಅವಳ ತಾಯಿ, ಕಣ್ಣು ಮಂಜಾದ ಹೊಲಿಗೆಯಾಕೆ, ಪಕ್ಕದಲ್ಲಿದ್ದ ಟೀಚರಮ್ಮನ ಕಡೆ ತಿರುಗಿದಳು. "ನೀವೇ ಹೇಳಿ ಟೀಚರೇ. ಅದಕ್ಕೇ ತಾನೇ ನಿಮ್ಮನ್ನ ಕರ್ಕೊಂಡು ಬಂದಿದ್ದು."

ಟೀಚರಮ್ಮ ಬಂದಿದ್ದೇನೋ ನಿಜ. ಆದರೆ ನಿವೃತ್ತರಾಗಿ ಹತ್ತು ವರ್ಷವಾದ ಮೇಲೆ ಸರ್ಟಿಫಿಕೇಟಿನ ಕೆಳಗಿದ್ದ ತಮ್ಮದೇ ಸಹಿಯನ್ನು ಅವರು ಮತ್ತೆ ಮತ್ತೆ ನೋಡುತ್ತಿದ್ದರು.

ಮೊದಲೆಲ್ಲ ಇಂಥ ಮಕ್ಕಳನ್ನು ಶಾಲೆಯ ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದರು, ಕಾರಣ ಕೊಡುವ ತೊಂದರೆಯೂ ಇರಲಿಲ್ಲ. ಈ ಹುಡುಗಿಗೆ ಆರು ತುಂಬುವ ಹೊತ್ತಿಗೆ ಕಾನೂನು ಬಂತು: ಯಾವ ಮಗುವನ್ನೂ ಹಿಂದಕ್ಕೆ ಕಳಿಸಕೂಡದು, ಹೆಸರು ದಾಖಲಾಗಲೇಬೇಕು. ಕಾನೂನು ಬಂತು, ತರಗತಿ ಮಾತ್ರ ಮಹಡಿಯ ಮೇಲೆಯೇ ಉಳಿಯಿತು. ಇಪ್ಪತ್ತೆರಡು ಮೆಟ್ಟಿಲು. ಇಳಿಜಾರು ದಾರಿ ಕಟ್ಟಿಸಿಕೊಡಿ ಎಂದು ಬರೆದ ಅರ್ಜಿ ಯಾವ ಕಡತದಲ್ಲಿ ಮಲಗಿತೋ ಯಾರಿಗೂ ತಿಳಿಯದು. ಆಗ ಟೀಚರಮ್ಮನೇ ಉಪಾಯ ಹೂಡಿದ್ದರು. "ಮಗು ಮನೇಲೇ ಆರಾಮಾಗಿರ್ಲಿ. ಹಾಜರಿ ನಾನು ನೋಡ್ಕೋತೀನಿ." ತಾಯಿ ಕೈಮುಗಿದಿದ್ದಳು.

ಆ ಶಾಲೆಯಲ್ಲಿ ಒಂದನೇ ತರಗತಿ ಹಿಡಿದ ಟೀಚರೇ ಮಕ್ಕಳ ಜೊತೆ ಐದರವರೆಗೂ ಹೋಗುವ ಪದ್ಧತಿ. ಹಾಗಾಗಿ ಐದು ವರ್ಷವೂ ಆ ಹೆಸರಿನ ಮುಂದೆ ತಪ್ಪದೆ ಗುರುತು ಬಿತ್ತು. ಜ್ವರ, ನೆಗಡಿ, ನೆಂಟರ ಮದುವೆ ಯಾವುದೂ ಅವಳನ್ನು ತಡೆಯಲಿಲ್ಲ. ಪೂರ್ತಿ ಹಾಜರಿ ಎಂದು ಒಂದು ವರ್ಷ ಬಹುಮಾನವೂ ಬಂತು, ಟೀಚರಮ್ಮ ಅದನ್ನು ಮನೆಗೇ ಕಳಿಸಿಕೊಟ್ಟರು.

"ಹುಡುಗಿ ಚುರುಕು ಸಾರ್," ಎಂದರು ಈಗ. "ಆರನೇ ಕ್ಲಾಸಿಗೇ ಹಾಕ್ಬಿಡಿ. ಹೇಗೋ ಸಂಭಾಳಿಸ್ತಾಳೆ."

"ನಂಗೆ ಅಕ್ಷರಾನೇ ಬರಲ್ಲ ಮಿಸ್," ಎಂದಳು ಹುಡುಗಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಗಿರಾಕಿಗಳ ಅಳತೆ ಅಮ್ಮ ಬರ್ಕೋತಿದ್ರು. ಈಗ ಅವ್ರಿಗೆ ಕಾಣ್ಸಲ್ಲ. ನಾನು ಎಷ್ಟೂಂತ ತಲೇಲಿ ಇಟ್ಕೊಳ್ಳಲಿ? ಹೋದ ತಿಂಗಳು ಒಬ್ಬರ ಅಂಗಿ ಇನ್ನೊಬ್ಬರ ಅಳತೆಗೆ ಹೊಲಿದುಬಿಟ್ಟೆ. ಅವ್ರು ಮತ್ತೆ ಬರ್ಲೇ ಇಲ್ಲ."

ಟೀಚರಮ್ಮನಿಗೆ ನಾಚಿಕೆಯಾಯಿತು. ಉಪಕಾರ ಮಾಡುತ್ತಿದ್ದೇನೆಂದೇ ಅವರು ಐದೂ ವರ್ಷ ನಂಬಿದ್ದರು.

"ಒಂದು ಹಾಳೆ ಕೊಡಿ," ಎಂದರು.

"ಯೋಚನೆ ಮಾಡಿ ಬರೀರಿ," ಎಂದರು ಅಧಿಕಾರಿ. "ಸುಳ್ಳು ಹಾಜರಿ ಹಾಕಿದ್ದೆ ಅಂತ ನೀವೇ ಕೈಯಾರೆ ಬರ್ಕೊಟ್ಟ ಹಾಗಾಗುತ್ತೆ. ನಾಳೆ ಕರೆದು ಕೇಳ್ತಾರೆ."

"ಕೇಳ್ಲಿ."

ಬರೆದು ಮುಗಿಸಿ ಗಟ್ಟಿಯಾಗಿ ಓದಿದರು. ಕೊನೆಯ ಸಾಲು, "ಇವಳು ನನ್ನ ತರಗತಿಗೆ ಒಂದು ದಿನವೂ ಬಂದಿಲ್ಲ."

"ಒಂದು ದಿನ ಬಂದಿದ್ದೆ ಮಿಸ್."

ಟೀಚರಮ್ಮ ತಲೆಯೆತ್ತಿದರು.

"ಮೂರನೇ ಕ್ಲಾಸಲ್ಲಿ. ತಪಾಸಣೆಗೆ ಸಾಹೇಬ್ರು ಬರ್ತಾರೆ ಅಂತ ಜವಾನರು ನನ್ನ ಎತ್ಕೊಂಡು ಮೇಲೆ ಹೋದ್ರು. ಕಿಟಕಿ ಪಕ್ಕ ಕೂರಿಸಿದ್ರಿ. ಪಕ್ಕದ ಹುಡುಗಿ ತನ್ನ ರಬ್ಬರ್ ಮುರಿದು ಅರ್ಧ ಕೊಟ್ಲು. ನೀವು ಬೋರ್ಡ್ ಮೇಲೆ ಎಲೆ ಚಿತ್ರ ಬರೆದು, ಅದಕ್ಕೆ ನರ ಇರುತ್ತೆ ಅಂದ್ರಿ. ಸಾಯಂಕಾಲ, ನಾಳೆನೂ ಬರ್ಲಾ ಅಂತ ಕೇಳ್ದೆ. ಬಾ ಪುಟ್ಟಿ, ಅಂದ್ರಿ."

ತಪಾಸಣೆ ಟೀಚರಮ್ಮನಿಗೆ ಚೆನ್ನಾಗಿ ನೆನಪಿತ್ತು. ಸಾಹೇಬರು ಮೆಚ್ಚಿ ತಪಾಸಣೆ ಪುಸ್ತಕದಲ್ಲಿ ನಾಲ್ಕು ಸಾಲು ಬರೆದುಹೋಗಿದ್ದರು. ಕಿಟಕಿ ಪಕ್ಕದ ಮಗು ಮಾತ್ರ ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ.

"ಆಮೇಲೆ ಹದಿನೈದು ದಿನ ತಲೆ ಬಾಚಿಸ್ಕೊಂಡು ಬಾಗ್ಲಲ್ಲೇ ಕೂತಿರ್ತಿದ್ಲು," ಎಂದಳು ತಾಯಿ, ಮೆಲ್ಲಗೆ. "ನಿಮ್ಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ಅಧಿಕಾರಿ ಪೆನ್ನನ್ನು ಟೀಚರಮ್ಮನ ಕಡೆ ಸರಿಸಿದರು. "ಒಂದು ದಿನದಿಂದ ಏನೂ ಅಡ್ಡಿಯಿಲ್ಲ. ತಿದ್ದಿಕೊಡಿ. ಸೋಮವಾರದಿಂದ ಬರ್ಲಿ. ಕ್ಲಾಸು ಕೆಳಗಡೇನೇ ಇದೆ."

ಟೀಚರಮ್ಮ ಕೊನೆಯ ಸಾಲನ್ನು ಹೊಡೆದುಹಾಕಿ ಕೆಳಗೆ ಹೊಸದಾಗಿ ಬರೆದರು. ಹುಡುಗಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಉರುಳಿಸಿಕೊಂಡಳು. "ಏನು ಬರೆದ್ರಿ ಮಿಸ್? ತೋರಿಸಿ."

ಟೀಚರಮ್ಮ ಹಾಳೆಯನ್ನು ಅವಳ ಕಡೆ ತಿರುಗಿಸಿ ಮೊದಲ ಪದದ ಕೆಳಗೆ ಬೆರಳಿಟ್ಟರು.

"ಇವಳು."

"ಇವಳು," ಎಂದಳು ಹುಡುಗಿ.

"ನನ್ನ ತರಗತಿಗೆ."

"ನನ್ನ ತರಗತಿಗೆ."

ಬೆರಳು 'ಒಂದೇ' ಎಂಬ ಮುಂದಿನ ಪದದ ಕೆಳಗೆ ಬಂದು ಅಲ್ಲೇ ನಿಂತಿತು. ಹುಡುಗಿ ಅಕ್ಷರಗಳ ಮೇಲೆಯೇ ಕಣ್ಣಿಟ್ಟು, ಹೇಳಿಕೊಡಲೆಂದು ಕಾಯುತ್ತಿದ್ದಳು.