ಹಬ್ಬದ ದಿನ ಕುಡಿದ ಒಂದು ತಂಬಿಗೆ ನೀರು

“ಕುಡಿಯೂದು ನೀರು, ಬಿಡೂದು ಗ್ಯಾಸು. ನಮ್ಮ ಸ್ವಾದರಮಾವನ ಹೊಟ್ಟಿ ಇದ್ದಂಗ ಐತಿ ಬಿಡ್ರಿ ಇದು!”

ಕ್ರೇನಿನಿಂದ ನನ್ನನ್ನು ಇಳಿಸಿದ ದಿನ ಗೌರವ್ವ ಆಡಿದ ಮಾತಿದು. ಗದಗಿನ ಕಡೆಯ, ಗಾಳಿಯಂತ್ರಗಳು ತಿರುಗುವ ಆ ಗುಡ್ಡದ ಮೇಲೆ ಸೇರಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಮ್ಯಾನೇಜರ್ ಗಲಗಲಿ ಸಾಹೇಬರೂ ನಕ್ಕರು. ನನಗೇನೂ ಬೇಸರವಾಗಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ನಾನು ಒಂದು ಎಲೆಕ್ಟ್ರೊಲೈಸರ್. ಹೆಸರು ಬಾಯಿಗೆ ಒಗ್ಗದಿದ್ದರೆ ಬಿಡಿ, ಕೆಲಸ ಸರಳ. ವಿದ್ಯುತ್ತು ಹಾಯಿಸಿದರೆ ನೀರನ್ನು ಸೀಳುತ್ತೇನೆ. ಹೈಡ್ರೋಜನ್ ಒಂದು ಕಡೆ, ಆಮ್ಲಜನಕ ಇನ್ನೊಂದು ಕಡೆ. ಆ ವಿದ್ಯುತ್ತು ಗಾಳಿಯದಾದರೆ ಹುಟ್ಟಿದ ಗ್ಯಾಸಿಗೆ ‘ಹಸಿರು’ ಎಂಬ ಬಿರುದು. ನಾನು ಹುಟ್ಟಿದ್ದು ಪುಣೆ ಹತ್ತಿರದ ಕಾರ್ಖಾನೆಯಲ್ಲಿ, ಬಿಳಿ ಗವಸು ತೊಟ್ಟ ಕೈಗಳ ನಡುವೆ. ತೆಳ್ಳನೆಯ ತಗಡು, ಅದಕ್ಕಿಂತ ತೆಳ್ಳನೆಯ ಪೊರೆ, ಮತ್ತೆ ತಗಡು, ಹೀಗೆ ಹೋಳಿಗೆ ಪೇರಿಸಿದ ಹಾಗೆ ಪೇರಿಸಿ ಬಿಗಿದರು. ಒಳಗೆ ಬಂಗಾರದಷ್ಟೇ ದುಬಾರಿ ಲೋಹದ ಲೇಪ. ಅದೇ ನನ್ನ ಸೊಕ್ಕು, ಅದೇ ನನ್ನ ಶನಿ.

ಯಾಕೆಂದರೆ, ದುಬಾರಿ ಯಂತ್ರ ಹಗಲು ರಾತ್ರಿ ದುಡಿದರೆ ಮಾತ್ರ ಅದರ ಬೆಲೆ ಸಾವಿರಾರು ಕಿಲೋ ಗ್ಯಾಸಿಗೆ ಹಂಚಿಹೋಗುತ್ತದೆ. ಸುಮ್ಮನೆ ಕೂತರೆ ಅಷ್ಟೂ ಭಾರ ಹುಟ್ಟಿದ ನಾಲ್ಕು ಕಿಲೋದ ತಲೆಯ ಮೇಲೆ. ಗುಡ್ಡದ ಗಾಳಿಗೆ ಇದನ್ನು ಹೇಳುವವರು ಯಾರು? ಆಷಾಢದಲ್ಲಿ ಅದು ಹುಚ್ಚೆದ್ದು ಬೀಸುತ್ತಿತ್ತು, ನವರಾತ್ರಿ ಹೊತ್ತಿಗೆ ಮಲಗಿಬಿಡುತ್ತಿತ್ತು. ಬೀಸುವ ದಿನಗಳಲ್ಲೂ, ಸಂಜೆ ಊರುಗಳಲ್ಲಿ ದೀಪ ಹತ್ತಿ ಕರೆಂಟಿಗೆ ಒಳ್ಳೆಯ ರೇಟು ಬಂತೆಂದರೆ ಸಾಹೇಬರು ಅದನ್ನು ಗ್ರಿಡ್ಡಿಗೆ ಮಾರಿ ನನ್ನನ್ನು ಆರಿಸುತ್ತಿದ್ದರು. ಯಾರಿಗೂ ಬೇಡವಾದ ಕರೆಂಟು ನನಗೆ. ಚಾಲೂ, ಬಂದ್. ಮತ್ತೆ ಚಾಲೂ, ಬಂದ್. ಸಲಸಲಕ್ಕೂ ಪೊರೆ ಸವೆಯುತ್ತಿತ್ತು. ಹೀಗೆ ಮಾಡಬೇಡಿ ಎಂದು ಪುಣೆಯವರು ಫೋನಿನಲ್ಲಿ ಎಚ್ಚರಿಸಿದರು.

“ಹಂಗಾದ್ರ ಗಾಳೀನೂ ನೀವ ಕಳಸ್ರಿ,” ಎಂದು ಸಾಹೇಬರು ಫೋನಿಟ್ಟರು.

ಗೌರವ್ವ ನನ್ನ ಆಪರೇಟರ್. ಐಟಿಐ ಕಲಿತವಳು, ಕಾಂಟ್ರಾಕ್ಟಿನ ಮೇಲಿದ್ದಳು. ದೀಪಾವಳಿಗೆ ಕಾಯಂ ಮಾಡುತ್ತೇನೆಂದು ಸಾಹೇಬರು ಮಾತು ಕೊಟ್ಟಿದ್ದರು. ಕಾಯಂ ಆದರೆ ಅಣ್ಣನ ಮನೆ ಬಿಟ್ಟು, ಮಗಳನ್ನು ಕರೆದುಕೊಂಡು ಗದಗಿನಲ್ಲಿ ಸ್ವಂತ ಒಲೆ ಹೂಡುತ್ತೇನೆ ಎಂದು ನನ್ನ ಮೈ ಒರೆಸುತ್ತ ನನಗೇ ಹೇಳುತ್ತಿದ್ದಳು. ಅತ್ತಿಗೆಯ ಕೈಯಿಂದ ಅನ್ನ ಇಸಿದುಕೊಳ್ಳುವುದು ಅವಳಿಗೆ ಸಾಕಾಗಿತ್ತು.

ಎರಡನೆಯ ವರ್ಷದ ಆಯುಧ ಪೂಜೆ ಬಂತು. ನನಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಸರ. ನಾನು ಕುಡಿಯುವುದು ಉಪ್ಪು, ಸುಣ್ಣ ಏನೂ ಉಳಿಯದಂತೆ ಸೋಸಿದ ನೀರು ಮಾತ್ರ. ಗೌರವ್ವ ಅಂದು ಊರ ಬಾವಿಯಿಂದ ಒಂದು ತಂಬಿಗೆ ತುಂಬಿ ತಂದಿದ್ದಳು.

“ವರ್ಷಾ ಪೂರ್ತಿ ಸಪ್ಪನ್ನ ನೀರು ಕುಡೀತೈತಿ, ಪಾಪ. ಹಬ್ಬದ ದಿನಾರ ನಮ್ಮೂರ ರುಚಿ ನೋಡ್ಲಿ,” ಎಂದು ನನ್ನ ನೀರಿನ ತೊಟ್ಟಿಯ ಮುಚ್ಚಳ ಎತ್ತಿದಳು.

“ಹಾಕವಾ ಹಾಕು, ಅದೂ ನಮ್ಮ ಮನೀ ಮಗಳ ಅಲ್ಲೇನು!” ಎಂದು ಸಾಹೇಬರೇ ಚಪ್ಪಾಳೆ ತಟ್ಟಿದರು.

ನೀರಿನ ಉಪ್ಪು ಅಳೆಯುವ ಮೀಟರಿನ ಮುಳ್ಳು ತುಸು ಏರಿತು. ಒಳಗಿನ ಫಿಲ್ಟರು ಆ ಉಪ್ಪನ್ನು ಹಿಡಿದಿಟ್ಟಿತು. ಸಂಜೆಗೆ ಎಲ್ಲ ಮೊದಲಿನಂತೆ. ನನಗೊಂದು ನೆಗಡಿಯೂ ಆಗಲಿಲ್ಲ.

ಮುಂದಿನ ವಾರ ಬೆಂಗಳೂರಿನಿಂದ ಬಂಡವಾಳ ಹಾಕಿದವರ ಕಡೆಯ ಮೇಡಂ ಬಂದರು. ಅಷ್ಟರಲ್ಲಿ, ನಮ್ಮ ಗ್ಯಾಸು ಕೊಳ್ಳುತ್ತಿದ್ದ ಗೊಬ್ಬರದ ಕಾರ್ಖಾನೆಯವರು ಇನ್ನು ಬೇಡವೆಂದಿದ್ದರು. ನೈಸರ್ಗಿಕ ಅನಿಲದಿಂದ ತೆಗೆದದ್ದು ಅವರಿಗೆ ನಮ್ಮ ರೇಟಿನ ಮೂರರಲ್ಲೊಂದು ಪಾಲಿಗೆ ಸಿಗುತ್ತಿತ್ತು. ಎರಡು ವರ್ಷದ ಚಾಲೂ-ಬಂದ್‌ಗೆ ಸವೆದು ಸವೆದು ನನ್ನ ಪೊರೆಯೂ ತೂತುಬಿದ್ದಿತ್ತು.

“ಹತ್ತು ವರ್ಷ ಬಾಳೋ ಮಷಿನ್ ಎರಡೇ ವರ್ಷಕ್ಕೆ ಯಾಕ್ರೀ ಹಾಳಾಯ್ತು?” ಎಂದರು ಮೇಡಂ.

ಸಾಹೇಬರು ತಡವರಿಸಲೇ ಇಲ್ಲ. “ಈ ಆಪರೇಟರ್ ಪೂಜಿ ಅಂತ ಬಾವಿ ನೀರು ಹಾಕ್ಯಾಳ್ರಿ. ಹಳ್ಳಿ ಮಂದಿ, ಏನ್ ಮಾಡೂದು.”

“ಹಾಕಿದ್ಯೇನಮ್ಮ?”

“ಒಂದ ತಂಬಗಿ ರೀ ಮೇಡಂ. ಸಾಹೇಬ್ರೂ ಅಲ್ಲೇ ಇದ್ರು…”

“ನಾ ಬ್ಯಾಡ ಅಂದಿದ್ದೆ,” ಎಂದರು ಸಾಹೇಬರು, ನನ್ನ ಮೇಲಿನ ಕುಂಕುಮವನ್ನು ಉಗುರಿನಿಂದ ಕೆರೆಯುತ್ತ.

ತಪ್ಪಿದ್ದು ಗಾಳಿಯ ಲೆಕ್ಕ, ರೇಟಿನ ಲೆಕ್ಕ ಎಂದರೆ ಅವರ ಕುರ್ಚಿ ಹೋಗುತ್ತಿತ್ತು. ತಂಬಿಗೆ ಎಂದರೆ ಹೋಗುವುದು ಗೌರವ್ವನ ಕೆಲಸ ಮಾತ್ರ. ನನ್ನನ್ನು ಬಿಚ್ಚಿ ನೋಡಿದ್ದರೆ ನಿಜ ತಿಳಿಯುತ್ತಿತ್ತು. ಬಿಚ್ಚುವ ಖರ್ಚು ದಂಡ ಎಂದರು ಮೇಡಂ. ಸಾಹೇಬರಿಗೆ ಪಕ್ಕದ ಗುಡ್ಡದಲ್ಲಿ ನನಗಿಂತ ದೊಡ್ಡ ಯಂತ್ರ ಸಿಕ್ಕಿತು.

ಈಗ ನಾನು ಗೇಟಿನ ಪಕ್ಕ, ಹರಿದ ತಾಡಪತ್ರಿಯ ಕೆಳಗೆ ಬಿದ್ದಿದ್ದೇನೆ. ಲೇಪ ಕೆರೆದುಕೊಂಡು ಹೋಗಲು ಯಾರೋ ಬರುತ್ತಾರಂತೆ. ಗಾಳಿ ಪುಕ್ಕಟೆ ಎಂದು ಎಲ್ಲರೂ ಹೇಳುತ್ತಾರೆ. ಪುಕ್ಕಟೆಯದಕ್ಕೂ ಯಾರಾದರೂ ಬೆಲೆ ತೆರಬೇಕು. ಕೈಗೆ ಸಿಕ್ಕವಳು ಗೌರವ್ವ.

ಕೆಲಸ ಕಳೆದುಕೊಂಡು ನಿನ್ನೆ ಅವಳು ಕೊನೆಯ ಸಲ ಹೊರಟಳು. ಎರಡು ವರ್ಷ ಅವಳ ಬುತ್ತಿಯಲ್ಲಿ ಪಾಲು ಉಂಡ ವಾಚ್‌ಮನ್ ಯಮನೂರಪ್ಪ ಗೇಟಿಗೆ ಅಡ್ಡ ನಿಂತ.

“ಚೀಲಾ ತೋರ್ಸು.”

“ಕಾಕಾ, ದಿನಾ ನೋಡೂ ಚೀಲಾನ ಐತಲ್ಲೋ ಇದು.”

“ಸಾಹೇಬ್ರ ಆರ್ಡರ್ ಐತಿ ಯವ್ವಾ. ಮಷಿನ್ ಕೆಡಿಸಿದಾಕಿ, ಏನರ ಒಯ್ದಾಳು ಅಂತಾರ.”

“ನೋಡ್ಕೊ.”

ಅವನು ಬುತ್ತಿಯ ಡಬ್ಬಿ ತೆಗೆದು ಬೋರಲು ಹಾಕಿ ಅಲುಗಿಸಿದ. ಉಳಿದಿದ್ದ ಅರ್ಧ ರೊಟ್ಟಿ ಮಣ್ಣಿಗೆ ಬಿತ್ತು. ಗೌರವ್ವ ಬಗ್ಗಿ ಅದನ್ನು ಎತ್ತಿಕೊಂಡು, ಮಣ್ಣು ಊದಿ, ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು.